ತಟ್ಟೆಯ ತಳದಲ್ಲಿರುವ ಹೆಸರು

ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಅನೇಕ ಸದಸ್ಯರ ಮನೆಗಳಲ್ಲಿ ತೋಟದ ಕೆಲಸದ ಜೊತೆಗೆ ಇನ್ನೊಂದು ಕೆಲಸವೂ ಬೆಳೆದು ಬಂದಿದೆ. ಒಬ್ಬರ ಮನೆಯ ಕೊಟ್ಟಿಗೆಯ ಪಕ್ಕದಲ್ಲಿ ಹಾಳೆತಟ್ಟೆಯ ಯಂತ್ರ ಕುಳಿತಿದೆ. ಇನ್ನೊಬ್ಬರಲ್ಲಿ ತಮ್ಮದೇ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟುತ್ತಾರೆ. ಮತ್ತೊಂದು ಮನೆಯ ಸೊಸೆ ಅಡಿಕೆಯ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆಯಿಂದ ದೀಪದ ಕಂಬ, ಕಿರುಪೀಠ ಮಾಡುವವರೂ ಇದ್ದಾರೆ. ಇವೆಲ್ಲ ಕೈಯ ಹದ, ಕಣ್ಣಿನ ರುಚಿ ಬೇಡುವ ಕೆಲಸಗಳು. ಬೆಳೆಯ ಬೆಲೆ ಇಳಿದ ವರ್ಷ ಮನೆಯ ಖರ್ಚಿಗೆ ಕೈ ಹಿಡಿಯುವುದೂ ಇವೇ.

ಇಂಥ ಮನೆಗಳವರು ಸಂಘದ ಕಚೇರಿಗೆ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮಾಲು ಚೆನ್ನಾಗಿದೆ ಮಾರಾಯ್ರೆ, ತಗೊಂಡವರೆಲ್ಲ ಚೆನ್ನಾಗಿದೆ ಅಂತಾರೆ. ಆದರೆ ಎರಡನೇ ಸಲ ಕೇಳಿಕೊಂಡು ಬರುವವರಿಲ್ಲ. ಸಂಘದಿಂದ ಒಂದು ಜಾಹೀರಾತು ಕೊಡಿಸಿ." ಅವರು ತಂದ ಮಾಲನ್ನು ಮೇಜಿನ ಮೇಲಿಟ್ಟು ನೋಡಿದರೆ ಕಾರಣ ಅಲ್ಲಿಯೇ ಕಾಣುತ್ತದೆ. ಒಂದೇ ಮನೆಯ ಮೂರು ಪೊಟ್ಟಣಗಳಲ್ಲಿ ಮೂರು ಹೆಸರು. ಒಂದರಲ್ಲಿ ಮನೆದೇವರ ಹೆಸರು, ಇನ್ನೊಂದರಲ್ಲಿ ಮೊಮ್ಮಗಳ ಹೆಸರು, ಮೂರನೆಯದರಲ್ಲಿ ಊರಿನ ಹೆಸರು. ಒಂದು ಹಸಿರು, ಒಂದು ಕೆಂಪು, ಇನ್ನೊಂದು ಮುದ್ರಣಾಲಯದವರು ಕೊಟ್ಟ ಬಣ್ಣ. ಕೊಂಡವನು ಮೆಚ್ಚಿದ್ದರೂ ಮುಂದಿನ ಸಲ ಏನೆಂದು ಕೇಳಬೇಕು? ಅವನ ನಾಲಗೆಗೆ ರುಚಿ ನೆನಪಿದೆ, ಬಾಯಿಗೆ ಹೆಸರು ಸಿಗುವುದಿಲ್ಲ.

ಪೇಟೆಯವರು ಇದನ್ನು 'ಬ್ರಾಂಡ್' ಎನ್ನುತ್ತಾರೆ. ಮಾತು ದೊಡ್ಡದಾಗಿ ಕೇಳುವುದರಿಂದ, ಅದು ದೊಡ್ಡ ಕಂಪನಿಗಳಿಗೆ ಸೇರಿದ್ದು ಎಂದು ನಮ್ಮವರು ದೂರವಿಡುತ್ತಾರೆ. ವಾಸ್ತವದಲ್ಲಿ ಅದರ ಅರ್ಥ ಸರಳವಾಗಿದೆ. ಹೆಸರು ಎಂದರೆ ಕೊಳ್ಳುವವನಿಗೆ ಕೊಟ್ಟ ಮಾತು. ಅದೇ ಹೆಸರಿನ ಕೆಳಗೆ ಅದೇ ಮಾಲು ಸಿಗುತ್ತದೆಂಬ ಮಾತು. ಆ ಮಾತನ್ನು ವರ್ಷಾನುಗಟ್ಟಲೆ ತಪ್ಪದೆ ನಡೆಸಿದರೆ ಅದೇ ಬ್ರಾಂಡ್. ಈ ಲೇಖನದಲ್ಲಿ ಅದನ್ನು ನಡೆಸುವ ಬಗೆ ಹೇಗೆಂಬುದನ್ನು ವಿಚಾರ ಮಾಡೋಣ.

ನಾವು ಹೆಸರಿಲ್ಲದವರಾದ ಬಗೆ

ಬೆಳೆಗಾರರಾದ ನಮಗೆ ಹೆಸರಿನ ಅಭ್ಯಾಸ ಕಡಮೆ. ಅದಕ್ಕೆ ಇತಿಹಾಸವಿದೆ. ಅಡಿಕೆ ಮಂಡಿಗೆ ಹೋದರೆ ಅದನ್ನು ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ಜಾತಿ ನೋಡಿ ಕೊಳ್ಳುತ್ತಾರೆ. ಬೆಳೆದವನ ಹೆಸರು ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ, ತಿನ್ನುವವನಿಗೆ ತಲಪುವುದಿಲ್ಲ. ಕಾಫಿಯ ಕಥೆಯೂ ಹಾಗೆಯೇ. 1942ರ ಕಾಫಿ ಕಾಯಿದೆಯ ಪ್ರಕಾರ ನಾವು ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಸೇರಬೇಕಾಗಿತ್ತು. ನಮ್ಮ ತಂದೆಯವರ ಕಾಲದಲ್ಲಿ ಒಳ್ಳೆಯದಾಗಿ ಸಂಸ್ಕರಿಸಿದ ಪಾರ್ಚ್‌ಮೆಂಟೂ, ಪಕ್ಕದ ತೋಟದ್ದೂ ಒಂದೇ ರಾಶಿಗೆ ಬೀಳುತ್ತಿದ್ದವು. 1992ರಿಂದ ಈ ವ್ಯವಸ್ಥೆ ಸಡಿಲವಾಗುತ್ತ ಬಂದು, 1995ರಲ್ಲಿ ಸಣ್ಣ ಬೆಳೆಗಾರರಿಗೂ 1996ರಲ್ಲಿ ಎಲ್ಲರಿಗೂ ಪೂರ್ಣ ಮಾರಾಟ ಸ್ವಾತಂತ್ರ್ಯ ಸಿಕ್ಕಿತು.

ಪೂಲ್ ವ್ಯವಸ್ಥೆಯನ್ನು ಇಲ್ಲಿ ದೂರುತ್ತಿಲ್ಲ. ಬೆಲೆ ಕುಸಿದ ಕಾಲದಲ್ಲಿ ಅದು ಆಸರೆಯಾಗಿತ್ತು. ಆದರೆ ಐವತ್ತು ವರ್ಷಗಳ ಕಾಲ ಹೆಸರಿಲ್ಲದೆ ಮಾರಿದ ಅಭ್ಯಾಸ ನಮ್ಮ ಕೈಯಲ್ಲಿ ಉಳಿದುಬಿಟ್ಟಿದೆ. ಮೂಟೆಗಟ್ಟಲೆ ಕೊಡುವ ಬೆಳೆಗೆ ಆ ಅಭ್ಯಾಸದಿಂದ ಹೆಚ್ಚು ನಷ್ಟವಿಲ್ಲ. ಮನೆಯಲ್ಲಿ ಕೈಯಾರೆ ಮಾಡಿ ಬಿಡಿಯಾಗಿ ಮಾರುವ ವಸ್ತುವಿಗೆ ಮಾತ್ರ ಅದು ದೊಡ್ಡ ನಷ್ಟ.

ನಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಒಂದು ಮನೆಯವರು ಸಾಲ ಮಾಡಿ ಹಾಳೆತಟ್ಟೆಯ ಯಂತ್ರ ಹಾಕಿದರು. ತಟ್ಟೆಗಳು ದಪ್ಪ, ಅಂಚು ಸಮ, ಕಲೆಯಿಲ್ಲ. ನಗರದ ಒಬ್ಬ ವ್ಯಾಪಾರಿ ಪೂರ್ತಿ ಮಾಲು ಒಯ್ಯುತ್ತಿದ್ದರು, ಬರಿ ತಟ್ಟೆಯ ಕಟ್ಟು ಸಾಕು, ಚೀಟಿ ಬೇಡ ಎನ್ನುತ್ತಿದ್ದರು. ಚೀಟಿಯನ್ನು ಅವರು ತಮ್ಮ ಹೆಸರಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಮೂರು ವರ್ಷ ಸುಗಮವಾಗಿ ನಡೆಯಿತು. ನಾಲ್ಕನೆಯ ವರ್ಷ ಇನ್ನೊಂದು ಕಡೆ ಕಾಲಾಣೆ ಕಡಮೆಗೆ ಸಿಕ್ಕಿತೆಂದು ಅವರು ಬರುವುದನ್ನು ನಿಲ್ಲಿಸಿದರು. ಅಷ್ಟು ದಿನ ಆ ತಟ್ಟೆಯಲ್ಲಿ ಊಟ ಮಾಡಿದ ಸಾವಿರಾರು ಜನರಲ್ಲಿ ಒಬ್ಬರಿಗೂ ಅದನ್ನು ಮಾಡಿದ ಮನೆ ಯಾವುದೆಂದು ಗೊತ್ತಿರಲಿಲ್ಲ. ಒಳ್ಳೆಯ ಮಾಲಿನಿಂದ ಬಂದ ಒಳ್ಳೆಯ ಹೆಸರೆಲ್ಲ ಚೀಟಿ ಅಂಟಿಸಿದವರದಾಯಿತು. ಮನೆಯವರಿಗೆ ಉಳಿದದ್ದು ಯಂತ್ರ ಮತ್ತು ಸಾಲದ ಕಂತು.

ಒಬ್ಬ ಕುಂಬಾರನ ಕಥೆ

ತಟ್ಟೆಯ ಮಾತು ಬಂದದ್ದರಿಂದ, ತಟ್ಟೆ ಮಾಡಿಯೇ ಹೆಸರಾದ ಒಬ್ಬ ಕುಂಬಾರನ ವಿಷಯ ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಪ್ರಾಂತದ ಬರ್ಸ್ಲೆಮ್ ಎಂಬಲ್ಲಿ 1730ರಲ್ಲಿ ಹುಟ್ಟಿದ ಜೋಸೈಯಾ ವೆಜ್‌ವುಡ್ ಕುಂಬಾರರ ಮನೆತನದವನು. ಬಾಲ್ಯದಲ್ಲಿ ಸಿಡುಬು ಬಂದು ಬಲಗಾಲು ದುರ್ಬಲವಾಯಿತು. ಕಾಲಿನಿಂದ ತುಳಿದು ತಿಗರಿ ತಿರುಗಿಸುವ ಕೆಲಸ ಅವನಿಗೆ ಕಷ್ಟವಾಯಿತು. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಅವನ ಗಮನ ಮಣ್ಣು, ಬಣ್ಣ, ಮೆರುಗುಗಳ ಪ್ರಯೋಗದ ಕಡೆ ತಿರುಗಿತು. 1759ರಲ್ಲಿ ಬಾಡಿಗೆಯ ಜಾಗದಲ್ಲಿ ಸ್ವಂತ ಕೆಲಸ ಆರಂಭಿಸಿದ. ಅಂದರೆ ಅವನದೂ ಆಗ ಒಂದು ಸಣ್ಣ ಮನೆ ಉದ್ಯಮವೇ.

ಆ ಪ್ರಾಂತದಲ್ಲಿ ಕುಂಬಾರರಿಗೆ ಬರವಿರಲಿಲ್ಲ. ಅವರಲ್ಲಿ ಹೆಚ್ಚಿನವರು ತಮ್ಮ ಪಾತ್ರೆಗೆ ಯಾವ ಗುರುತನ್ನೂ ಹಾಕುತ್ತಿರಲಿಲ್ಲ. ನಮ್ಮ ಅಡಿಕೆಯಂತೆ ಅವೂ ಹೆಸರಿಲ್ಲದೆ ಪೇಟೆಗೆ ಹೋಗುತ್ತಿದ್ದವು. ವೆಜ್‌ವುಡ್ ಮಾಡಿದ ಕೆಲಸ ಸರಳ. ಹಸಿ ಮಣ್ಣಿನಲ್ಲಿಯೇ ತಟ್ಟೆಯ ತಳಕ್ಕೆ ತನ್ನ ಹೆಸರಿನ ಅಚ್ಚೊತ್ತಿ, ಆಮೇಲೆ ಸುಟ್ಟ. ಅಂಟಿಸಿದ ಚೀಟಿಯಾದರೆ ಕಿತ್ತು ಹೋಗಬಹುದು, ಮಣ್ಣಿಗೆ ಒತ್ತಿದ್ದು ಹೋಗುವುದಿಲ್ಲ. ಮಧ್ಯವರ್ತಿ ಎಷ್ಟೇ ಜನರಿರಲಿ, ಊಟಕ್ಕೆ ಕುಳಿತವನು ತಟ್ಟೆ ಮಗುಚಿದರೆ ಮಾಡಿದವನ ಹೆಸರು ಅಲ್ಲಿದೆ.

ಕೆನೆಬಣ್ಣದ ಅವನ ಪಾತ್ರೆಗಳು ರಾಣಿ ಶಾರ್ಲೆಟ್‌ಳ ಮೆಚ್ಚುಗೆ ಪಡೆದು 'ಕ್ವೀನ್ಸ್ ವೇರ್', ಅಂದರೆ ರಾಣಿಯ ಪಾತ್ರೆ, ಎಂಬ ಹೆಸರು ಪಡೆದವು. 1769ರಲ್ಲಿ ಎಟ್ರೂರಿಯ ಎಂಬ ಹೊಸ ಕಾರ್ಖಾನೆ ತೆರೆದ. ಅರಮನೆಯ ಕೃಪೆಯಿಂದ ಮೇಲೆ ಬಂದ ಎಂದು ಕೆಲವರು ಹೇಳಬಹುದು. ಅರಮನೆಗೆ ಪಾತ್ರೆ ಕೊಟ್ಟವರು ಇನ್ನೂ ಇದ್ದರು. ವೆಜ್‌ವುಡ್‌ನ ಹೆಚ್ಚಳ ಬೇರೆ ಮೂರು ವಿಷಯಗಳಲ್ಲಿದೆ.

ಮೊದಲನೆಯದು, ಮಾಲಿನಲ್ಲಿ ಏಕರೂಪತೆ. ಗೂಡಿನ ಶಾಖ ಹೆಚ್ಚುಕಡಮೆಯಾದರೆ ಪಾತ್ರೆಯ ಬಣ್ಣ ಬದಲಾಗುತ್ತದೆ. ಈ ವರ್ಷ ಹನ್ನೆರಡು ತಟ್ಟೆ ಕೊಂಡವನು ಮುಂದಿನ ವರ್ಷ ಇನ್ನು ಆರು ಕೊಂಡರೆ ಅವು ಹೊಂದಬೇಕು. ಇದಕ್ಕಾಗಿ ಅವನು ಪ್ರತಿಯೊಂದು ಪ್ರಯೋಗವನ್ನೂ ಪುಸ್ತಕದಲ್ಲಿ ಬರೆದಿಟ್ಟ. 'ಜಾಸ್ಪರ್' ಎಂಬ ಹೊಸ ಬಗೆಯ ಮಣ್ಣಿಗಾಗಿ ಸಾವಿರಾರು ತುಣುಕು ಸುಟ್ಟು ನೋಡಿದ. ಗೂಡಿನ ಉರಿಯನ್ನು ಕಣ್ಣಂದಾಜಿಗೆ ಬಿಡದೆ, ಮಣ್ಣಿನ ತುಣುಕು ಎಷ್ಟು ಕುಗ್ಗಿತೆಂದು ಅಳೆದು ಶಾಖ ತಿಳಿಯುವ ಸಾಧನವನ್ನು 1782ರಲ್ಲಿ ವಿವರಿಸಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು.

ಎರಡನೆಯದು, ಹೆಸರಿನ ಬಳಕೆಯಲ್ಲಿ ಶಿಸ್ತು. ಲಿವರ್‌ಪೂಲಿನ ವ್ಯಾಪಾರಿ ಥಾಮಸ್ ಬೆಂಟ್ಲಿ ಅವನ ಪಾಲುದಾರ. ಅಲಂಕಾರದ ಹೂದಾನಿ ಮೊದಲಾದವುಗಳಿಗೆ ಇಬ್ಬರ ಹೆಸರೂ ಸೇರಿದ ಅಚ್ಚು, ದಿನಬಳಕೆಯ ತಟ್ಟೆ ಬಟ್ಟಲುಗಳಿಗೆ ವೆಜ್‌ವುಡ್ ಎಂಬ ಒಂದೇ ಹೆಸರಿನ ಅಚ್ಚು. 1780ರಲ್ಲಿ ಬೆಂಟ್ಲಿ ತೀರಿಕೊಳ್ಳುವವರೆಗೂ ಈ ಕ್ರಮ ನಡೆಯಿತು. ಯಾವ ಮಾಲಿಗೆ ಯಾವ ಹೆಸರು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದರು.

ಮೂರನೆಯದು, ಮಾರಿದ ಮೇಲೂ ಹೊಣೆ. ಸಾಗಣೆಯಲ್ಲಿ ಒಡೆದ ಪಾತ್ರೆಗೆ ಬದಲಿ ಕೊಡುತ್ತಿದ್ದ. ತಳದಲ್ಲಿ ಹೆಸರು ಬರೆದವನು ದೂರಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಅವನು ಅದನ್ನು ತನಗೆ ಅನುಕೂಲವಾಗಿಯೇ ಮಾಡಿಕೊಂಡ.

ವೆಜ್‌ವುಡ್ 1795ರಲ್ಲಿ ತೀರಿಕೊಂಡ. ಹೆಸರು ಎಷ್ಟು ಬೆಲೆಬಾಳುತ್ತಿತ್ತೆಂದರೆ, ಸ್ಟಾಕ್‌ಟನ್ ಎಂಬ ಊರಿನ ಒಂದು ಕಂಪನಿ ಅದೇ ಹೆಸರಿನ ಅಚ್ಚನ್ನು ತನ್ನ ಪಾತ್ರೆಗಳಿಗೂ ಹಾಕತೊಡಗಿತು. 1848ರಲ್ಲಿ ವೆಜ್‌ವುಡ್ ಮನೆತನದವರು ನ್ಯಾಯಾಲಯದಿಂದ ಅದಕ್ಕೆ ತಡೆಯಾಜ್ಞೆ ತಂದರು. 2009ರಲ್ಲಿ ಆ ಉದ್ಯಮ ಸಾಲದಲ್ಲಿ ಮುಳುಗಿ ಒಡೆತನ ಕೈ ಬದಲಾಯಿಸಿತು. ಕೊಂಡವರು ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಕಟ್ಟಡ, ಯಂತ್ರ, ಒಡೆತನ ಎಲ್ಲವೂ ಬದಲಾದ ಮೇಲೂ ಮಾರಲು ಯೋಗ್ಯವಾಗಿ ಉಳಿದದ್ದು ತಟ್ಟೆಯ ತಳದ ಹೆಸರು.

ಐದು ರೂಪಾಯಿಯ ಹೆಸರು

ಇಂಗ್ಲೆಂಡಿನ ಮಾತು ನಮಗೆ ದೂರವಾಯಿತೆನ್ನುವವರು ಮುಂಬಯಿಯ ಲಿಜ್ಜತ್ ಹಪ್ಪಳವನ್ನು ನೋಡಬಹುದು. 1959ರ ಮಾರ್ಚ್ ತಿಂಗಳಲ್ಲಿ ಗಿರ್‌ಗಾಂವಿನ ಒಂದು ವಠಾರದ ಮಾಳಿಗೆಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡಲು ಕುಳಿತರು. ಮೊದಲು ಎರಡು ದರ್ಜೆಯ ಹಪ್ಪಳ ಮಾಡುವ ವಿಚಾರವಿತ್ತು, ಕಡಮೆ ದರ್ಜೆಯದು ಕಡಮೆ ಬೆಲೆಗೆ. ಅವರ ಹಿತೈಷಿಗಳು ಬೇಡವೆಂದು, ಒಂದೇ ಉತ್ತಮ ದರ್ಜೆಯನ್ನು ಮಾಡಿ ಅದರಲ್ಲಿ ಎಂದೂ ರಾಜಿ ಮಾಡಿಕೊಳ್ಳಬೇಡಿ ಎಂದು ಸಲಹೆ ಕೊಟ್ಟರು. 1962ರಲ್ಲಿ ಹೆಸರಿಗಾಗಿ ಒಂದು ಸ್ಪರ್ಧೆ ನಡೆಸಿದರು. 'ಲಿಜ್ಜತ್' ಎಂಬುದಕ್ಕೆ ಬಹುಮಾನ ಬಂತು. ಬಹುಮಾನದ ಮೊತ್ತ 5 ರೂಪಾಯಿ.

ಹೆಸರಿಗೆ ಬಿದ್ದ ಖರ್ಚು ಐದೇ ರೂಪಾಯಿ ಎಂಬುದನ್ನು ಗಮನಿಸಬೇಕು. ಉಳಿದ ಬೆಲೆಯೆಲ್ಲ ಒಂದೇ ದರ್ಜೆಯ ಹಪ್ಪಳವನ್ನು ಒಂದೇ ಹೆಸರಿನಲ್ಲಿ ವರ್ಷ ವರ್ಷ ಕೊಟ್ಟದ್ದರಿಂದ ಬಂದದ್ದು.

ಗುರುತಿನ ವಿಷಯಕ್ಕೆ ನಮ್ಮ ನಾಡಿನ ಮೈಸೂರು ಸ್ಯಾಂಡಲ್ ಸಾಬೂನೇ ಸಾಕ್ಷಿ. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ ಹುಟ್ಟಿಕೊಂಡ ಉದ್ಯಮ ಅದು. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಗುರುತು ಇಂದಿಗೂ ಆ ಡಬ್ಬಿಯ ಮೇಲಿದೆ. ಓದಲು ಬಾರದ ಅಜ್ಜಿಯೂ ಅಂಗಡಿಯಲ್ಲಿ ಅದನ್ನು ಗುರುತಿಸಿ ಕೈ ತೋರಿಸುತ್ತಾಳೆ. ಗುರುತು ಮಾಡಬೇಕಾದ ಕೆಲಸ ಅಷ್ಟೇ.

ಮೊದಲು ಮಾಲು, ಆಮೇಲೆ ಹೆಸರು

ಈಗ ನಮ್ಮ ಮನೆಗಳಿಗೆ ಬರೋಣ. ಮಾಲು ಒಂದೊಂದು ಸಲ ಒಂದೊಂದು ರೀತಿ ಇದ್ದರೆ, ಹೆಸರು ಹಾಕದಿರುವುದೇ ಮೇಲು. ಹೆಸರು ಹಾಕಿದ ಕೆಟ್ಟ ಪೊಟ್ಟಣವೊಂದು ಹತ್ತು ಒಳ್ಳೆಯ ಪೊಟ್ಟಣಗಳ ಕೆಲಸವನ್ನು ಅಳಿಸಿಬಿಡುತ್ತದೆ. ಆದ್ದರಿಂದ ಮೊದಲ ಕೆಲಸ ಹದವನ್ನು ಕೈಯಂದಾಜಿನಿಂದ ಬರವಣಿಗೆಗೆ ತರುವುದು.

ಕಾಫಿ ಪುಡಿ. ಹುರಿದಾಗ ಬೀಜದ ತೂಕ ಸಾಮಾನ್ಯವಾಗಿ ನೂರಕ್ಕೆ 12ರಿಂದ 20ರಷ್ಟು ಇಳಿಯುತ್ತದೆ. ಹುರಿತ ಕಪ್ಪಾದಷ್ಟೂ ಇಳಿತ ಹೆಚ್ಚು. ಹುರಿಯುವ ಮೊದಲು ಮತ್ತು ನಂತರ ತೂಗಿ ಬರೆದಿಟ್ಟರೆ, ಈ ಸಲದ ಹುರಿತ ಕಳೆದ ಸಲದಂತೆಯೇ ಇದೆಯೇ ಎಂಬುದು ತಿಳಿಯುತ್ತದೆ. 10 ಕಿಲೊ ಬೀಜ ಹುರಿದಾಗ ನಿಮ್ಮ ಮೆಚ್ಚಿನ ಹದದಲ್ಲಿ ಎಂಟೂವರೆ ಕಿಲೊ ಉಳಿಯುತ್ತದೆಂದಿಟ್ಟುಕೊಳ್ಳಿ. ಒಂದು ದಿನ ಎಂಟೇ ಕಿಲೊ ಉಳಿದರೆ ಆ ಕಂತನ್ನು ನಿಮ್ಮ ಹೆಸರಿನ ಪೊಟ್ಟಣಕ್ಕೆ ತುಂಬಬೇಡಿ. ಅರೇಬಿಕಾ, ರೊಬಸ್ಟಾ ಎಷ್ಟೆಷ್ಟು ಎಂಬುದನ್ನು ನಿಶ್ಚಯಿಸಿ ಅದನ್ನೂ ಬರೆದಿಡಿ. ಚಿಕೋರಿ ಬೆರೆಸುವವರು ನೆನಪಿಡಬೇಕಾದ್ದು: ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಮೆ ಇರಬಾರದು, ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಕಾಣಿಸಬೇಕು.

ಚೊಗರಿನ ಬಣ್ಣ. ಅಡಿಕೆ ಬೇಯಿಸಿದ ಚೊಗರು ಪ್ರತಿ ಕೊಯ್ಲಿನಲ್ಲೂ ಒಂದೇ ಗಾಢತೆಯದಾಗಿರುವುದಿಲ್ಲ. ಪಟಿಕ ಹಾಕಿದರೆ ಒಂದು ಛಾಯೆ, ಅನ್ನಭೇದಿ ಹಾಕಿದರೆ ಕಪ್ಪು ತಿರುಗಿದ ಇನ್ನೊಂದು ಛಾಯೆ. ಕೈಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಸಹಜ, ಕೊಳ್ಳುವವರೂ ಅದನ್ನು ಒಪ್ಪುತ್ತಾರೆ. ಆದರೆ ಇಟ್ಟಿಗೆಗೆಂಪು ನೋಡಿ ಬೇಡಿಕೆ ಕೊಟ್ಟವರಿಗೆ ಕಂದು ಬಟ್ಟೆ ಹೋಗಬಾರದು. ಪ್ರತಿಯೊಂದು ಕಂತಿನಿಂದ ಅಂಗೈಯಗಲದ ಒಂದು ತುಂಡು ಬಟ್ಟೆ ಕತ್ತರಿಸಿ ರಟ್ಟಿಗೆ ಅಂಟಿಸಿ, ಚೊಗರೆಷ್ಟು, ನೀರೆಷ್ಟು, ಎಷ್ಟು ಹೊತ್ತು ಕುದಿಸಿದ್ದು ಎಂದು ಪಕ್ಕದಲ್ಲಿ ಬರೆದಿಡಿ. ಒಂದು ವರ್ಷದಲ್ಲಿ ನಿಮ್ಮದೇ ಒಂದು ಬಣ್ಣದ ಪುಸ್ತಕ ಸಿದ್ಧವಾಗುತ್ತದೆ. ವೆಜ್‌ವುಡ್ ತನ್ನ ಮಣ್ಣಿನ ತುಣುಕುಗಳಿಗೆ ಮಾಡಿದ್ದೂ ಇದನ್ನೇ.

ಹಾಳೆತಟ್ಟೆ. ಇಲ್ಲಿ ಹೆಸರು ಕೆಡಿಸುವುದು ಬೂಸ್ಟು. ಮಳೆಗೆ ನೆನೆದ ಹಾಳೆಯನ್ನು ಸರಿಯಾಗಿ ಒಣಗಿಸದೆ ಒತ್ತಿದರೆ, ಕಟ್ಟು ಬಿಚ್ಚುವ ಹೊತ್ತಿಗೆ ತಟ್ಟೆಯ ಮೇಲೆ ಕಲೆ ಎದ್ದಿರುತ್ತದೆ. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಸಂಗ್ರಹಿಸಿ ನೆನೆಯದಂತೆ ಇಟ್ಟುಕೊಳ್ಳುವುದೇ ಉಪಾಯ. ತೆಳು ಹಾಳೆಯ, ಅಂಚು ಸೀಳಿದ ತಟ್ಟೆಗಳನ್ನು ಬೇರೆ ಮಾಡಿ, ಹೆಸರಿಲ್ಲದೆ ಊರೊಳಗಿನ ಸಮಾರಂಭಗಳಿಗೆ ಕೊಡಬಹುದು. ಆದರೆ ಹೆಸರಿನ ಕಟ್ಟಿಗೆ ಅವು ಸೇರಬಾರದು. ಬಿಸಿ ಅಚ್ಚಿನಲ್ಲಿ ಒತ್ತುವುದರಿಂದ, ಅಚ್ಚಿನ ನಡುವೆ ಸಣ್ಣ ಗುರುತು ಕೆತ್ತಿಸಿದರೆ ಅದು ತಟ್ಟೆಯ ತಳದಲ್ಲಿಯೇ ಮೂಡುತ್ತದೆ. ಚೀಟಿ ಕಿತ್ತರೂ ಗುರುತು ಉಳಿಯುತ್ತದೆ.

ಹೆಸರನ್ನು ಆರಿಸುವಾಗ

ಮಾಲಿನ ಹದ ನಿಂತ ಮೇಲೆ ಹೆಸರಿನ ಮಾತು. ನಮ್ಮ ಸೂಚನೆಗಳು ಇವು.

1. ಮನೆಗೊಂದೇ ಹೆಸರು. ಕಾಫಿಪುಡಿ, ಬಟ್ಟೆ, ತಟ್ಟೆ ಮೂರನ್ನೂ ಒಂದೇ ಮನೆಯಲ್ಲಿ ಮಾಡುವುದಾದರೆ ಮೂರಕ್ಕೂ ಮೇಲೆ ಒಂದೇ ಹೆಸರಿರಲಿ, ಕೆಳಗೆ ವಸ್ತುವಿನ ಹೆಸರು ಬರಲಿ. ಕಾಫಿಯಿಂದ ಬಂದ ವಿಶ್ವಾಸ ಬಟ್ಟೆಗೂ ಒದಗುತ್ತದೆ.

2. ನಿಮ್ಮ ತೋಟದ ಹೆಸರು, ಮನೆತನದ ಹೆಸರು, ಮನೆಯ ಹಿಂದಿನ ಗುಡ್ಡ ಹಳ್ಳಗಳ ಹೆಸರು ಒಳ್ಳೆಯವು. ಹೇಳಲು ಸುಲಭವಾಗಿರಬೇಕು, ಕೇಳಿದವನು ತಪ್ಪಿಲ್ಲದೆ ಬರೆಯುವಂತಿರಬೇಕು. 'ಶುದ್ಧ ಕಾಫಿ', 'ಮಲೆನಾಡು ಕಾಫಿ' ಎಂಬಂಥವು ಮಾಲಿನ ಗುಣವನ್ನೋ ಸೀಮೆಯನ್ನೋ ಹೇಳುತ್ತವೆಯೇ ಹೊರತು ನಿಮ್ಮನ್ನು ಹೇಳುವುದಿಲ್ಲ. ಇಂಥವುಗಳ ನೋಂದಣಿಗೂ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರಸಿದ್ಧ ದೇವರ ಹೆಸರುಗಳು ಈಗಾಗಲೇ ನೂರಾರು ಅಂಗಡಿಗಳ ಮೇಲಿವೆ.

3. ಒಂದು ಬಣ್ಣ, ಒಂದು ಅಕ್ಷರದ ರೀತಿ, ಒಂದು ಸಣ್ಣ ಚಿತ್ರ. ಕೈಯಿಂದ ಬರೆದು ಕೆತ್ತಿಸಿದ ಮರದ ಮುದ್ರೆಯಾದರೂ ಸಾಕು. ಮುಖ್ಯವಾದದ್ದು ಅದನ್ನು ಬದಲಾಯಿಸದಿರುವುದು. ಪೊಟ್ಟಣ, ರಸೀದಿ, ಅಂಚೆಯ ಕಟ್ಟು, ಮನೆಯ ಗೇಟಿನ ಹಲಗೆ, ಮೊಬೈಲಿನಲ್ಲಿ ಕಳುಹಿಸುವ ಚಿತ್ರ, ಎಲ್ಲ ಕಡೆಯೂ ಅದೇ ಬರಲಿ. ನಮ್ಮ ಕಣ್ಣಿಗೆ ಹಳತಾಗಿ ಬೇಸರ ಹುಟ್ಟಿಸುವ ಹೊತ್ತಿಗೆ, ಕೊಳ್ಳುವವನಿಗೆ ಅದು ಆಗಷ್ಟೇ ಪರಿಚಯವಾಗಿರುತ್ತದೆ.

4. ಹೇಳುವ ಮಾತೂ ಒಂದೇ ಇರಲಿ. ಈ ತಿಂಗಳು 'ಅಜ್ಜಿಯ ಕಾಲದ ಹದ' ಎಂದು, ಮುಂದಿನ ತಿಂಗಳು 'ವಿದೇಶಿ ತಂತ್ರಜ್ಞಾನ' ಎಂದು ಬರೆದರೆ ಎರಡನ್ನೂ ಯಾರೂ ನಂಬುವುದಿಲ್ಲ. ಯಾವ ತೋಟದ್ದು, ಯಾರು ಮಾಡಿದ್ದು, ಎಂದು ಮಾಡಿದ್ದು ಎಂಬುದನ್ನು ನೇರವಾಗಿ ಬರೆದರೆ ಸಾಕು. ಅದು ನಿಜ, ಮತ್ತು ಬೇರೆಯವರು ಅದನ್ನು ನಕಲು ಮಾಡಲಾರರು.

5. ಸಿದ್ಧಪಡಿಸಲಾಗದ ಗುಣಗಳನ್ನು ಪೊಟ್ಟಣದ ಮೇಲೆ ಬರೆಯಬೇಡಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು, ಹಾಳೆಯ ಊಟದ ತಟ್ಟೆಗಳ ಆಮದಿಗೆ ತಡೆ ಹಾಕಿತು. ಈ ಪ್ರಶ್ನೆಗೆ ಉತ್ತರ ಪ್ರಯೋಗಶಾಲೆಯಿಂದ ಬರಬೇಕೇ ಹೊರತು ಚೀಟಿಯ ಮೇಲಿನ ಹೊಗಳಿಕೆಯಿಂದಲ್ಲ. 'ಆರೋಗ್ಯಕ್ಕೆ ಸರ್ವೋತ್ತಮ' ಎಂದು ಅಚ್ಚು ಹಾಕಿಸಿದವರಿಗೆ ಇಂಥ ಸುದ್ದಿ ಬಂದ ದಿನ ಸಮಜಾಯಿಷಿ ಹೇಳುವುದು ಕಷ್ಟ. 'ನಮ್ಮ ತೋಟದ ಹಾಳೆ, ಬಣ್ಣ ಅಂಟು ಸೇರಿಸಿಲ್ಲ' ಎಂದಷ್ಟೇ ಬರೆದವರು ತಾವು ಹೇಳಿದ್ದರ ಹಿಂದೆ ಧೈರ್ಯವಾಗಿ ನಿಲ್ಲಬಹುದು.

ಕಾನೂನಿನ ಕೆಲವು ಮಾತು

ಪೊಟ್ಟಣ ಕಟ್ಟಿ ಮಾರುವ ವಸ್ತುವಿನ ಮೇಲೆ ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ ಅಥವಾ ಸಂಖ್ಯೆ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಸಂಪರ್ಕ, ಇವು ಇರಬೇಕೆಂದು 2011ರ ನಿಯಮಗಳು ಹೇಳುತ್ತವೆ. ತಿನ್ನುವ ಕುಡಿಯುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆಯೂ ಬೇಕು. ಇದನ್ನು ಉಪದ್ರವವೆಂದು ಭಾವಿಸುವವರು ಹೆಚ್ಚು. ಆದರೆ ಹೆಸರು ಕಟ್ಟಬೇಕೆನ್ನುವವನಿಗೆ ವಿಳಾಸ ಕೊಡುವುದಕ್ಕಿಂತ ಒಳ್ಳೆಯ ಜಾಹೀರಾತು ಯಾವುದು?

ಹೆಸರನ್ನು 1999ರ ಟ್ರೇಡ್ ಮಾರ್ಕ್ ಕಾಯಿದೆಯ ಪ್ರಕಾರ ನೋಂದಾಯಿಸಬಹುದು. ವಸ್ತುಗಳನ್ನು ವರ್ಗಗಳಾಗಿ ಮಾಡಿದ್ದಾರೆ: ಕಾಫಿ 30ನೆಯ ವರ್ಗ, ತಟ್ಟೆ ಬಟ್ಟಲು 21, ಬಟ್ಟೆ 24, ಉಡುಪು 25. ನೋಂದಣಿ 10 ವರ್ಷಕ್ಕೆ ಊರ್ಜಿತ, ಆಮೇಲೆ ನವೀಕರಿಸುತ್ತ ಹೋಗಬಹುದು. ಅರ್ಜಿ ಹಾಕುವ ಮೊದಲು ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಹುಡುಕಿ ನೋಡಬೇಕು. ನೋಂದಣಿಯಾಗುವ ಮುನ್ನ 'ನೋಂದಾಯಿತ' ಎಂದು ಅಚ್ಚು ಹಾಕಿಸಬಾರದು. ನೋಂದಾಯಿಸದಿದ್ದರೂ ಬಹಳ ಕಾಲದಿಂದ ಬಳಸಿದ ಹೆಸರಿಗೆ ನ್ಯಾಯಾಲಯದಲ್ಲಿ ರಕ್ಷಣೆ ಕೇಳಬಹುದು. ಅದಕ್ಕೆ ಸಾಕ್ಷಿ ಬೇಕು. ಆದ್ದರಿಂದ ಮೊದಲ ಪೊಟ್ಟಣದಿಂದ ಹಿಡಿದು ಹಳೆಯ ಚೀಟಿ, ರಸೀದಿಗಳನ್ನು ಒಂದು ಕಡತದಲ್ಲಿ ಹಾಕಿಡಿ.

ಸೀಮೆಯ ಹೆಸರುಗಳ ದಾರಿ ಬೇರೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಅಡಿಕೆ, ಇವುಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಇವು ಯಾರೊಬ್ಬರ ಸ್ವತ್ತಲ್ಲ, ಸೀಮೆಯ ಬೆಳೆಗಾರರೆಲ್ಲರದು. ಆ ಸೀಮೆಯೊಳಗಿನ ಬೆಳೆಗಾರರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡು ತಮ್ಮ ಮನೆಯ ಹೆಸರಿನ ಜೊತೆಗೆ ಅದನ್ನು ಬಳಸಬಹುದು. ಸೀಮೆಯ ಹೆಸರು ಬೇಲಿಯಿದ್ದಂತೆ, ಮನೆಯ ಹೆಸರು ಬಾಗಿಲಿದ್ದಂತೆ. ಎರಡೂ ಬೇಕು.

ಸಂಘದ ಹೆಸರೋ, ಮನೆಯ ಹೆಸರೋ?

ಎಲ್ಲರೂ ಸಂಘದ ಹೆಸರಿನಲ್ಲಿಯೇ ಮಾರಿದರಾಗದೇ ಎಂದು ಕೆಲವರು ಕೇಳುತ್ತಾರೆ. ಒಂದೇ ಹದದಲ್ಲಿ ಮಾಡಬಹುದಾದ, ಹೆಚ್ಚು ಪ್ರಮಾಣದ ವಸ್ತುಗಳಿಗೆ ಅದೇ ಸರಿ. ಲಿಜ್ಜತ್ ನಡೆದದ್ದು ಆ ದಾರಿಯಲ್ಲಿ. ಅಲ್ಲಿ ಪ್ರತಿಯೊಬ್ಬ ಸದಸ್ಯೆಯ ಹಪ್ಪಳವೂ ಒಂದೇ ರೀತಿ ಇರಬೇಕು. ಆದರೆ ಕೈಬಣ್ಣ, ಕೆತ್ತನೆ, ಒಂದು ಮನೆಯ ವಿಶೇಷ ಹುರಿತ, ಇವುಗಳ ಬೆಲೆ ಇರುವುದೇ ಅವು ಬೇರೆಯವರಂತಿಲ್ಲ ಎಂಬುದರಲ್ಲಿ. ಅವನ್ನು ಸಂಘದ ಒಂದೇ ಚೀಟಿಯ ಕೆಳಗೆ ತಂದರೆ ಪೂಲ್ ವ್ಯವಸ್ಥೆಯನ್ನೇ ಮತ್ತೆ ತಂದಂತಾಗುತ್ತದೆ. ಅಲ್ಲಿ ಮನೆಯ ಹೆಸರು ಮುಂದೆ, 'ಸಂಘದ ಸದಸ್ಯರು' ಎಂಬ ಮಾತು ಹಿಂದೆ ಇರುವುದು ಯೋಗ್ಯ.

ಇನ್ನೊಂದು ಮಾತು. ಈ ಕೆಲಸಗಳಲ್ಲಿ ಬಹುಪಾಲು ನಡೆಸುವವರು ನಮ್ಮ ಮನೆಯ ಹೆಣ್ಣುಮಕ್ಕಳು. ಹುರಿಯುವವರು ಅವರು, ಬಣ್ಣದ ಹದ ತಿಳಿದವರು ಅವರು. ಹೆಸರಿನ ಅರ್ಜಿ, ಬ್ಯಾಂಕಿನ ಖಾತೆ ಮಾತ್ರ ಯಜಮಾನರದಾಗಿರುವುದನ್ನು ನೋಡುತ್ತೇವೆ. ಕೈ ಯಾರದೋ ಹೆಸರೂ ಅವರದಾಗುವುದು ನ್ಯಾಯ. ವ್ಯಾಪಾರದ ದೃಷ್ಟಿಯಿಂದಲೂ ಅದೇ ಲೇಸು. ಕೊಳ್ಳುವವರು ಪ್ರಶ್ನೆ ಕೇಳಿದಾಗ ಉತ್ತರ ಹೇಳಬಲ್ಲವರ ಹೆಸರೇ ಪೊಟ್ಟಣದ ಮೇಲಿರಬೇಕು.

ವಾರಕ್ಕೆ ಹತ್ತು ಕಿಲೊ ಪುಡಿ ಮಾರುವವರಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಹತ್ತೇ ಕಿಲೊ ಮಾರುವವರಿಗೇ ಇದು ಹೆಚ್ಚು ಬೇಕು. ದೊಡ್ಡ ಕಂಪನಿ ಕಳೆದುಕೊಂಡ ಗಿರಾಕಿಯನ್ನು ಜಾಹೀರಾತಿನ ಹಣದಿಂದ ಮರಳಿ ತರಬಲ್ಲದು. ನಮಗಿರುವುದು ನಲವತ್ತೈವತ್ತು ಮನೆಗಳ ಗಿರಾಕಿ. ಅವರಲ್ಲಿ ಒಬ್ಬರು ನಮ್ಮ ಹೆಸರನ್ನು ತಪ್ಪಿಲ್ಲದೆ ಇನ್ನೊಬ್ಬರಿಗೆ ಹೇಳಿದರೆ ಅದೇ ನಮ್ಮ ಜಾಹೀರಾತು. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮನೆ ಉದ್ಯಮ ನಡೆಸುತ್ತಿರುವ ಸದಸ್ಯ ಕುಟುಂಬಗಳು ತಮ್ಮ ಪೊಟ್ಟಣ, ಚೀಟಿ, ಮುದ್ರೆಗಳ ಒಂದೊಂದು ಮಾದರಿಯನ್ನು ಕಚೇರಿಗೆ ತಂದುಕೊಟ್ಟರೆ, ಒಬ್ಬರ ಹೆಸರನ್ನು ಇನ್ನೊಬ್ಬರು ತಿಳಿಯದೆ ಇಟ್ಟುಕೊಳ್ಳದಂತೆ ಒಂದು ಪುಸ್ತಕದಲ್ಲಿ ಬರೆದಿಡಬಹುದು. ನೋಂದಣಿಯ ಅರ್ಜಿ ತುಂಬಲು ಸಹಾಯ ಬೇಕಾದವರು ಬರುವಾಗ ಹಳೆಯ ರಸೀದಿಗಳನ್ನೂ ಮರೆಯದೆ ತರಬೇಕು. ಹೊಸ ಚೀಟಿ ಅಚ್ಚಿಗೆ ಕೊಡಬೇಕೆಂದಿರುವವರು, ಹಳೆಯದನ್ನು ಬದಲಾಯಿಸುವ ಅಗತ್ಯ ನಿಜವಾಗಿ ಇದೆಯೇ ಎಂದು ಮನೆಯಲ್ಲಿ ಒಮ್ಮೆ ಕುಳಿತು ಮಾತಾಡಿಕೊಂಡು ಆಮೇಲೆ ಕೊಡುವುದು ಒಳ್ಳೆಯದು.